ಪೂಜೆಯ ತಟ್ಟೆಯಲ್ಲಿ ಇಲ್ಲದ ಬ್ಯಾಡ್ಜು

ಅಣುಶಕ್ತಿಯ ಸುರಕ್ಷತೆಯನ್ನು ಕಾಯುವ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ ಬಸಲಿಂಗ ಎಂಬ ಯುವಕನ ಮೈಮೇಲೆ ಬಿದ್ದ ವಿಕಿರಣವನ್ನು ನಿಮ್ಮ ಕಚೇರಿ ಆಯುಧಪೂಜೆಯ ಖಾತೆಗೆ ಹಾಕಿ ಕಡತ ಮುಕ್ತಾಯ ಮಾಡಿದೆ. ಅವನ ಬಲಗೈ ತೋರುಬೆರಳಿನ ಗಾಯ ಇನ್ನೂ ಮಾಗಿಲ್ಲ. ಆ ಕಡತವನ್ನು ಮತ್ತೆ ತೆರೆಯಬೇಕು ಎಂದು ಕೇಳುವುದಕ್ಕಾಗಿ ಈ ಬಹಿರಂಗ ಪತ್ರ. ಇದೇ ವಿಷಯವನ್ನು ಹಿಂದೆ ನಿಮಗೊಬ್ಬರಿಗೇ ಬರೆದಿದ್ದೆ. ಅಹವಾಲು ವಿಲೇವಾರಿಯಾಗಿದೆ ಎಂದು ಉತ್ತರ ಬಂತು. ಅದರ ಕೆಳಗೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ನಕ್ಷತ್ರಗಳನ್ನು ಒತ್ತಿ ಎಂಬ ಕೋರಿಕೆ. ಒತ್ತಲಿಲ್ಲ. ಸಿಟ್ಟಿನಿಂದಲ್ಲ, ಎಷ್ಟು ನಕ್ಷತ್ರ ಎಂದು ಯೋಚಿಸುತ್ತ ಕುಳಿತೆ, ಅಷ್ಟರಲ್ಲಿ ಪುಟ ಮುಚ್ಚಿಹೋಯಿತು.

ನಾನು ಯಾರು ಎಂದು ಹೇಳಬೇಕು. ಪೈಪು ಮತ್ತು ವಾಲ್ವು ತಯಾರಿಸುವ ಪೀಣ್ಯದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ನಾಗಸಂದ್ರದಲ್ಲಿ ಆಂಜಿನಪ್ಪ ಎನ್ನುವವರ ಕಟ್ಟಡದ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಆ ಕಟ್ಟಡ ಎದ್ದಿದೆ. ತಾರಸಿಯಲ್ಲಿ ಶೀಟು ಹೊದಿಸಿದ ಒಂಟಿ ಕೋಣೆ. ಅದರಲ್ಲಿ ಯಾದಗಿರಿ ಕಡೆಯ ಬಸಲಿಂಗ, ಅವನ ಹೆಂಡತಿ ಭಾಗ್ಯಶ್ರೀ. ನಾನು ಚಳವಳಿಯ ಮನುಷ್ಯನಲ್ಲ. ಅಣು ವಿದ್ಯುತ್ತು ಬೇಡವೆಂದು ಯಾವ ಸರ್ಕಲ್ಲಿನಲ್ಲೂ ಕುಳಿತವನಲ್ಲ. ನಾವು ಮಾಡುವ ಪೈಪುಗಳಲ್ಲಿ ಒಂದು ಪಾಲು ನಿಮ್ಮ ಉಸ್ತುವಾರಿಯ ಸ್ಥಾವರಗಳಿಗೇ ಹೋಗುತ್ತದೆ, ನನ್ನ ಸಂಬಳದ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಯಾವುದನ್ನೂ ಪೂರ್ತಿ ನಂಬಲಾಗದ, ಪೂರ್ತಿ ಅನುಮಾನಿಸುವ ಹುಮ್ಮಸ್ಸೂ ಉಳಿದಿಲ್ಲದ ವಯಸ್ಸು ನನ್ನದು. ಇಂಥವನೂ ಬಹಿರಂಗವಾಗಿ ಬರೆಯಬೇಕಾಯಿತಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಬಸಲಿಂಗನ ಕೆಲಸ ಏನೆಂದು ನಿಮಗೆ ಗೊತ್ತು. ಈ ಪತ್ರ ಓದುವ ಉಳಿದವರಿಗೆ ಗೊತ್ತಿರಲಾರದು. ಬೆಸುಗೆ ಹಾಕಿದ ಪೈಪಿನ ಒಳಗೆ ಬಿರುಕು ಉಳಿದಿದೆಯೇ ಎಂದು ತಿಳಿಯಲು, ಮುರಿದ ಮೂಳೆಗೆ ಎಕ್ಸ್‌ರೇ ತೆಗೆಯುವಂತೆ, ಪೈಪಿಗೂ ಫಿಲ್ಮು ಕಟ್ಟಿ ಚಿತ್ರ ತೆಗೆಯುತ್ತಾರೆ. ಅದಕ್ಕೆ ಬಳಸುವುದು ವಿಕಿರಣ ಸೂಸುವ ಇರಿಡಿಯಂ ಎಂಬ ಲೋಹದ ಚೂರು. ಕಡಲೆಕಾಳಿಗಿಂತ ಚಿಕ್ಕದು. ಅದು ಕೂತಿರುವ ಭಾರವಾದ ಡಬ್ಬಿಗೆ ನಮ್ಮ ಕಡೆ ಕ್ಯಾಮೆರಾ ಎನ್ನುತ್ತಾರೆ. ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಚೂರು ಕೇಬಲ್ಲಿನ ತುದಿಯಲ್ಲಿ ಸಾಗಿ, ಕೊಳವೆಯ ಮೂಲಕ ಪೈಪಿನ ಪಕ್ಕಕ್ಕೆ ಹೋಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಡಬ್ಬಿಯೊಳಕ್ಕೆ ಮರಳುತ್ತದೆ. ಮರಳಿತೋ ಇಲ್ಲವೋ ಎಂದು ಹೇಳುವುದು ವಿಕಿರಣ ಅಳೆಯುವ ಮೀಟರು ಮಾತ್ರ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಬಿಸಿಯೂ ತಾಗುವುದಿಲ್ಲ. ಈ ಕೆಲಸ ಮಾಡುವವರು ಎದೆಯ ಮೇಲೆ ಒಂದು ಬ್ಯಾಡ್ಜು ಧರಿಸಬೇಕು. ಮೈಮೇಲೆ ಬಿದ್ದದ್ದನ್ನು ಅದು ಸುಮ್ಮನೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಹೇಳುತ್ತದೆ. ಹೆಚ್ಚು ಹೇಳಿದರೆ ಅದನ್ನು ಧರಿಸಿದವನು ಕೆಲಸದಿಂದ ದೂರ ಇರಬೇಕು.

ನಮ್ಮ ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ದೇವರಾಜ್ ಎನ್ನುವವರು ಇಂಥ ಪರೀಕ್ಷೆಯ ಏಜೆನ್ಸಿ ನಡೆಸುತ್ತಾರೆ. ಹುಡುಗರೆಲ್ಲ ಅವರ ಬಳಿ ಕೆಲಸಕ್ಕಿದ್ದಾರೆ, ಪೈಪುಗಳು ನಮ್ಮವು. ಆ ಶೆಡ್ಡಿನ ಆಫೀಸು ಕೋಣೆಯಲ್ಲಿ ದೇವರ ಪಟದ ಪಕ್ಕ ಮೊಳೆಗಳ ಸಾಲಿದೆ. ಬ್ಯಾಡ್ಜುಗಳು ಇರುವುದು ಅಲ್ಲಿ. ಕೆಲಸಕ್ಕೆ ಹೋಗುವಾಗ ಹುಡುಗರು ದೇವರಿಗೂ ಬ್ಯಾಡ್ಜಿಗೂ ಒಂದೇ ಸಲ ಕೈಮುಗಿದು, ಎರಡನ್ನೂ ಅಲ್ಲೇ ಬಿಟ್ಟು ಹೊರಡುತ್ತಾರೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. ಒಬ್ಬ ಹೇಳಿದ: "ಹಾಕ್ಕೊಂಡ್ರೆ ತುಂಬ್ಕೊಳ್ಳುತ್ತೆ ಸಾರ್. ತುಂಬ್ಕೊಂಡ್ರೆ ಮನೇಲಿ ಕೂರಿಸ್ತಾರೆ. ಮನೇಲಿ ಕೂತ್ರೆ ಬ್ಯಾಡ್ಜು ಊಟ ಹಾಕುತ್ತಾ?" ಅವನ ಮಾತಿಗೆ ಉತ್ತರ ನಿಮ್ಮಲ್ಲಿ ಇದೆಯೇ? ವರ್ಷಗಟ್ಟಲೆ ಆ ಮೊಳೆಗಳ ಮೇಲಿನ ಬ್ಯಾಡ್ಜುಗಳು ನಿಮ್ಮ ಪ್ರಯೋಗಾಲಯಕ್ಕೆ ಹೋಗಿವೆ. ಎಲ್ಲವೂ ಸೊನ್ನೆಗೆ ಹತ್ತಿರ, ಎಲ್ಲವೂ ಸಂತೋಷಕರ. ದೇವರ ಪಟದ ಪಕ್ಕದ ಗೋಡೆ ಅತ್ಯಂತ ಸುರಕ್ಷಿತವಾಗಿದೆ ಎಂಬುದಕ್ಕೆ ನಿಮ್ಮ ಬಳಿ ಅಖಂಡ ದಾಖಲೆ ಇದೆ.

ಬಸಲಿಂಗ ಮಾತ್ರ ಬ್ಯಾಡ್ಜು ಧರಿಸುತ್ತಿದ್ದ. ಅವನು ಹೊಸಬ, ತರಬೇತಿಯಲ್ಲಿ ಹೇಳಿದ್ದನ್ನು ನಂಬಿದ್ದ. ಅದಕ್ಕಿಂತ ಹೆಚ್ಚಾಗಿ ಅವನಿಗೆ ಅದರ ಮೇಲೆ ಆಸೆ. ಇದಕ್ಕೆ ಮೊದಲು ಕಟ್ಟಡ ಕೆಲಸದಲ್ಲಿ ಇದ್ದಷ್ಟು ದಿನ ಅವನ ಎದೆಯ ಮೇಲೆ ಸಿಮೆಂಟಿನ ಧೂಳಲ್ಲದೆ ಬೇರೇನೂ ಇರಲಿಲ್ಲ. ಕಿರಾಣಿ ಅಂಗಡಿಗೂ ಬ್ಯಾಡ್ಜು ಹಾಕಿಕೊಂಡೇ ಹೋಗುತ್ತಿದ್ದ. ಉಳಿದ ಹುಡುಗರು ಅವನನ್ನು "ಏನ್ ಗುರು, ಕಮಿಷನರ್ರು" ಎಂದು ಕರೆಯುತ್ತಿದ್ದರು. ಅವನು ಅದನ್ನೂ ಮೆಚ್ಚಿಕೊಂಡಿದ್ದ.

ಕಳೆದ ದಸರೆಗೆ ಸ್ವಲ್ಪ ಮೊದಲು ನಡೆದದ್ದು ಇಷ್ಟು. ಸ್ಥಾವರಕ್ಕೆ ಹೋಗಬೇಕಾದ ಪೈಪುಗಳು ಹಬ್ಬದ ಒಳಗೆ ಲಾರಿ ಹತ್ತಬೇಕಿತ್ತು. ಏಜೆನ್ಸಿಯ ಒಂದು ಮೀಟರು ಕೆಟ್ಟಿತ್ತು. ಇನ್ನೊಂದು, ಸರಿಯಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಕ್ಕೆ ಹೋಗಿತ್ತು. ನಿಮ್ಮದೇ ನಿಯಮದ ಪ್ರಕಾರ ಹೋಗಿತ್ತು ಎನ್ನುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೀಟರು ಬರುವವರೆಗೆ ಕೆಲಸ ನಿಲ್ಲಿಸಬೇಕು ಎಂಬುದೂ ನಿಮ್ಮದೇ ನಿಯಮ. ಅದನ್ನು ಯಾರೂ ಪಾಲಿಸಲಿಲ್ಲ. ಆ ಸಂಜೆ ಆದದ್ದನ್ನು ಬಸಲಿಂಗ ತಾರಸಿಯ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ.

"ಹಿಡಿಕಿ ಪೂರಾ ತಿರುಗ್ಸೀನ್ರಿ ಸರ. ಒಳಗ ಬಂದೈತಿ ಅಂತನ ತಿಳಕೊಂಡೆ. ಹೋಗಿ ಕೊಳವಿ ತುದಿ ಹಿಂಗ ಬೆರಳಾಗ ಹಿಡದು ಸರಿಸಿ, ಹೊಸಾ ಫಿಲ್ಮು ಕಟ್ಟಿದೆ."

"ಏನಾದರೂ ಗೊತ್ತಾಯಿತಾ? ಬಿಸಿ ಗಿಸಿ?"

"ಏನೂ ಇಲ್ರಿ. ತಣ್ಣಗಿತ್ತು. ಮಳಿಗಾಲದ ಕಬ್ಬಣ ಹೆಂಗಿರ್ತೈತಿ, ಹಂಗ."

ಒಳಗೆ ಕೇಬಲ್ಲು ಸಿಕ್ಕಿಕೊಂಡು ಹಿಡಿಕೆ ಬರಿದೇ ತಿರುಗಿತ್ತು. ಚೂರು ಕೊಳವೆಯ ತುದಿಯಲ್ಲೇ, ಅವನ ಬೆರಳಿನ ಕೆಳಗೇ ಇತ್ತು. ಗೊತ್ತಾದದ್ದು ಆ ಹೊಸ ಫಿಲ್ಮನ್ನು ತೊಳೆದಾಗ. ಅದು ಪೂರ್ತಿ ಕಪ್ಪಾಗಿ ಬಂತು. ಅವನು ಅದನ್ನು ಕಟ್ಟುತ್ತಿದ್ದ ಅಷ್ಟೂ ಹೊತ್ತು ಚೂರು ಹೊರಗೇ ಇತ್ತು ಎಂದು ಅದರ ಅರ್ಥ. ದೇವರಾಜ್ ಓಡಿ ಬಂದು ಹಿಡಿಕೆಯನ್ನು ಬಲವಾಗಿ ಎಳೆದು ಚೂರನ್ನು ಒಳಗೆ ಸೇರಿಸಿದರು. ಆಮೇಲೆ ಬಸಲಿಂಗನ ಭುಜ ತಟ್ಟಿ, "ಏನಾಗಲ್ಲ ಮಗಾ, ಎಳನೀರು ಕುಡಿ, ಹಬ್ಬಕ್ಕೆ ಊರಿಗೆ ಹೋಗ್ಬಾ" ಎಂದರು. ನಿಮಗೆ ತಕ್ಷಣ ತಿಳಿಸಬೇಕಿತ್ತು. ತಿಳಿಸಲಿಲ್ಲ. ಬಸಲಿಂಗ ಎಳನೀರು ಕುಡಿದು, ಹೆಂಡತಿಯನ್ನು ಕರೆದುಕೊಂಡು ಯಾದಗಿರಿಯ ಬಸ್ಸು ಹತ್ತಿದ. ಎದೆಯ ಮೇಲೆ ಬ್ಯಾಡ್ಜು ಇತ್ತು. ಬಸ್ಸಿನಲ್ಲಿ ಪಕ್ಕದವರು "ಯಾವ ಡಿಪಾರ್ಟ್‌ಮೆಂಟ್ರಿ?" ಎಂದು ಕೇಳಿದರಂತೆ. ಇವನು "ಅಟಾಮಿಕ್" ಎಂದನಂತೆ. ಭಾಗ್ಯಶ್ರೀ ಅದನ್ನು ಹೇಳುವಾಗ ನಕ್ಕಳು. "ಅವ್ರು ಕಿಟಕಿ ಸೀಟ್ ಬಿಟ್ಟುಕೊಟ್ರು ನೋಡ್ರಿ," ಎಂದಳು.

ಇತ್ತ ಪೀಣ್ಯದಲ್ಲಿ ಆಯುಧಪೂಜೆ. ಆ ದಿನ ನಮ್ಮ ಕಡೆ ಏನು ನಡೆಯುತ್ತದೆ ಎಂಬುದು ದೂರದ ಊರಿನಲ್ಲಿರುವ ನಿಮಗೆ ಅಷ್ಟಾಗಿ ಗೊತ್ತಿರಲಾರದು. ಲೇತು, ಡ್ರಿಲ್ಲು, ಜನರೇಟರು, ಲಾರಿ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತಾರೆ. ಗೇಟಿಗೆ ಬಾಳೆಕಂದು, ಮುಂದೆ ಒಡೆದ ಬೂದುಗುಂಬಳ, ಎಲ್ಲರ ಕೈಯಲ್ಲೂ ಕಡಲೆಪುರಿ ಪೊಟ್ಟಣ. ಪೂಜೆಗೆ ಇಟ್ಟ ಆಯುಧವನ್ನು ಹಬ್ಬ ಮುಗಿಯುವವರೆಗೆ ಮುಟ್ಟುವಂತಿಲ್ಲ. ದೇವರಾಜ್ ಕರೆದರು, ಪ್ರಸಾದಕ್ಕೆ ಹೋದೆ. ಆಫೀಸು ಕೋಣೆಯ ಮೇಜಿನ ಮೇಲೆ ದೊಡ್ಡ ಸ್ಟೀಲು ತಟ್ಟೆ. ತಟ್ಟೆಯ ನಡುವೆ ಕ್ಯಾಮೆರಾ, ಅದಕ್ಕೆ ವಿಭೂತಿಯ ಮೂರು ಪಟ್ಟೆ, ಸೇವಂತಿಗೆಯ ಹಾರ. ಮೊಳೆಗಳ ಮೇಲಿದ್ದ ಬ್ಯಾಡ್ಜುಗಳನ್ನೆಲ್ಲ ಇಳಿಸಿ, ಕುಂಕುಮ ಹಚ್ಚಿ, ಕ್ಯಾಮೆರಾಕ್ಕೆ ಒರಗಿಸಿ ಸುತ್ತ ನಿಲ್ಲಿಸಿದ್ದರು.

"ಬ್ಯಾಡ್ಜಿಗೂ ಪೂಜೆಯಾ?" ಎಂದೆ.

"ಮತ್ತೆ? ವರ್ಷ ಎಲ್ಲ ಹುಡುಗರನ್ನ ಕಾಯೋದು ಅದೇ ಅಲ್ವಾ ಸಾರ್," ಎಂದರು ದೇವರಾಜ್. ವ್ಯಂಗ್ಯವಿಲ್ಲದೆ ಹೇಳಿದರು. ನೋಡಲು ಚೆಂದವಾಗಿತ್ತು. ಬಸಲಿಂಗನ ಬ್ಯಾಡ್ಜು ಆ ತಟ್ಟೆಯಲ್ಲಿ ಇರಲಿಲ್ಲ. ಪ್ರತಿ ಬ್ಯಾಡ್ಜಿನ ಮೇಲೂ ಹೆಸರಿತ್ತು, ಓದಿದೆ. ಕಮಿಷನರ್ರು ಎಲ್ಲಿ ಎಂದು ನಾನೇ ಕೇಳಿದೆ. ಹುಡುಗರು ನಕ್ಕು, "ಬ್ಯಾಡ್ಜ್ ಸಮೇತ ಊರಿಗ್ ಹೋಗವ್ರೆ ಸಾರ್" ಎಂದರು.

ಡಬ್ಬಿಯೊಳಗಿದ್ದರೂ ಆ ಚೂರಿನ ವಿಕಿರಣ ಹೊರಗೆ ಸ್ವಲ್ಪ ಸೋರುತ್ತದೆ. ಹತ್ತಿರ ಹಾದು ಹೋಗುವವರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ರಜೆ ಮುಗಿಯುವವರೆಗೆ ಅದಕ್ಕೇ ಒರಗಿ ನಿಂತ ಬ್ಯಾಡ್ಜುಗಳು ತಮ್ಮ ಕೆಲಸವನ್ನು ಮೊದಲ ಬಾರಿಗೆ ನಿಷ್ಠೆಯಿಂದ ಮಾಡಿದವು. ಊರಿನಿಂದ ಮರಳಿದ ಬಸಲಿಂಗನ ಬ್ಯಾಡ್ಜೂ ಸೇರಿ ಪ್ರಯೋಗಾಲಯದಲ್ಲಿ ಎಲ್ಲವೂ ಮಿತಿ ಮೀರಿದ್ದವು. ನಿಮ್ಮ ಕಚೇರಿ ಎಚ್ಚೆತ್ತಿತು. ಮನುಷ್ಯರು ವಿಕಿರಣದ ಮುಂದೆ, ಬ್ಯಾಡ್ಜುಗಳು ದೇವರ ಮುಂದೆ ಇದ್ದಷ್ಟು ಕಾಲ ನೀವು ನೆಮ್ಮದಿಯಾಗಿದ್ದಿರಿ. ಮನುಷ್ಯರೆಲ್ಲ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ಬ್ಯಾಡ್ಜುಗಳ ಮೇಲೆ ಬಿದ್ದದ್ದಕ್ಕೆ ತನಿಖೆ ನಡೆಸಿದಿರಿ. ಇದರಲ್ಲಿ ನಗುವಂಥದ್ದು ಏನೋ ಇದೆ ಎಂದು ನನಗೆ ಗೊತ್ತು. ನಗು ಬರುತ್ತಿಲ್ಲ.

ತನಿಖೆ ವಿಡಿಯೊ ಕಾಲಿನಲ್ಲಿ ನಡೆಯಿತು. ನಿಮ್ಮ ಅಧಿಕಾರಿ ಒಳ್ಳೆಯವರಂತೆ. ಗದರಲಿಲ್ಲ. ಪೂಜೆಯ ವಿಷಯ ಕೇಳಿ ನಕ್ಕು, ಮುಂದಿನ ವರ್ಷ ಬರೀ ಹೂವು ಇಡಿ ಎಂದರಂತೆ. ಒಂದು ಬ್ಯಾಡ್ಜು ಉಳಿದೆಲ್ಲಕ್ಕಿಂತ ಬಹಳ ಹೆಚ್ಚು ತೋರಿಸುತ್ತಿದೆಯಲ್ಲ, ಅದು ಯಾರದ್ದು ಎಂದು ಕೇಳಿದರು. ಬಸಲಿಂಗನನ್ನು ಮೊಬೈಲಿನ ಮುಂದೆ ಕೂರಿಸಿದರು. ಪಕ್ಕದಲ್ಲಿ ದೇವರಾಜ್. ಅದೂ ತಟ್ಟೆಯಲ್ಲೇ ಇತ್ತೇ? ಇತ್ತು ಎಂದ ಬಸಲಿಂಗ. ಕ್ಯಾಮೆರಾಕ್ಕೆ ತೀರಾ ಹತ್ತಿರ ಇಟ್ಟಿದ್ದಿರಬೇಕು ಎಂದು ಅಧಿಕಾರಿಯೇ ಕಾರಣವನ್ನೂ ಒದಗಿಸಿದರು. ಹೌದ್ರಿ ಎಂದ. ಎಲ್ಲ ಬ್ಯಾಡ್ಜುಗಳ ಅಳತೆಯೂ ಮನುಷ್ಯರ ಮೇಲೆ ಬಿದ್ದದ್ದಲ್ಲ ಎಂದು ತೀರ್ಮಾನವಾಯಿತು. ಉಳಿದವರ ಮಟ್ಟಿಗೆ ಆ ತೀರ್ಮಾನ ಸತ್ಯ. ಬಸಲಿಂಗನ ಹೆಸರಿನ ಮುಂದೆಯೂ ಸೊನ್ನೆ ಬರೆಯಲಾಯಿತು. ಅವನ ತೋರುಬೆರಳಿನಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ವಿಡಿಯೊದಲ್ಲಿ ಕೈ ಕಾಣುತ್ತಿರಲಿಲ್ಲ, ಯಾರೂ ತೋರಿಸು ಎನ್ನಲಿಲ್ಲ.

ಸುಳ್ಳು ಹೇಳಿದವನು ಬಸಲಿಂಗನೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಮಾಲಕ್ರು ಬಾಜೂಕ ಕುಂತಿದ್ರಲ್ರಿ ಸರ," ಎಂದ. ಭಾಗ್ಯಶ್ರೀಗೆ ಆ ಉತ್ತರ ಸಾಲಲಿಲ್ಲ. "ಬಾಜೂಕ ಯಾರ್ ಕುಂತ್ರೇನು, ಕೈ ಯಾರದು?" ಎಂದಳು. ಅವನು ಕೈಯನ್ನು ಟವೆಲ್ಲಿನೊಳಗೆ ಸರಿಸಿಕೊಂಡ. ದೇವರಾಜ್ ಅವರನ್ನು ಕೇಳಿದಾಗ ಅವರು ತಪ್ಪಿಸಿಕೊಳ್ಳಲಿಲ್ಲ. "ಲೈಸೆನ್ಸ್ ಹೋದ್ರೆ ನಾನೊಬ್ನೇ ಅಲ್ಲ ಸಾರ್, ಹುಡುಗ್ರೆಲ್ಲ ಬೀದಿಗೆ. ನಿಮ್ ಪೈಪ್ ಯಾರ್ ಶೂಟ್ ಮಾಡ್ತಾರೆ? ನಿಮ್ ಲಾರಿ ನಿಂತ್ರೆ ನಿಮ್ಮೋರೇ ನನ್ನ ಬಿಡ್ತಾರಾ?" ಎಂದರು. ದೇವರಾಜ್ ಕೆಟ್ಟವರಲ್ಲ. ಹಿಡಿಕೆ ಹಿಡಿಯಲಾಗದ ಬಸಲಿಂಗನಿಗೆ ನಮ್ಮ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಕೆಲಸ ಕೊಡಿಸಿದವರು ಅವರೇ. ನಿಜ ಹೇಳಿದವನ ಕೆಲಸ ಹೋಗುತ್ತದೆ, ಅವನನ್ನು ಇಟ್ಟುಕೊಂಡವನ ಅಂಗಡಿ ಮುಚ್ಚುತ್ತದೆ, ಸುಮ್ಮನಿದ್ದವರಿಗೆ ಮುಂದಿನ ಆರ್ಡರು ಬರುತ್ತದೆ ಎಂಬ ವ್ಯವಸ್ಥೆಯೊಳಗೆ ಎಲ್ಲರೂ ತಕ್ಕಮಟ್ಟಿಗೆ ಒಳ್ಳೆಯವರಾಗಿಯೇ ಇರುತ್ತಾರೆ. ಅದನ್ನು ನಡೆಸಲು ಖಳರು ಬೇಕಿಲ್ಲ.

ಬಸಲಿಂಗ ಊರಲ್ಲಿ ಆಯುಧಪೂಜೆಯ ದಿನ ಅಣ್ಣನ ಟ್ರ್ಯಾಕ್ಟರಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೊ ಭಾಗ್ಯಶ್ರೀಯ ಮೊಬೈಲಿನಲ್ಲಿದೆ. ಟ್ರ್ಯಾಕ್ಟರಿಗೆ ಹಾರ, ಇವನಿಗೆ ಹೊಸ ಅಂಗಿ, ಅಂಗಿಯ ಮೇಲೆ ಬ್ಯಾಡ್ಜು. ಹೆಸರು ಓದುವಷ್ಟು ಸ್ಪಷ್ಟವಾಗಿದೆ. ತಟ್ಟೆಯಲ್ಲಿ ಕ್ಯಾಮೆರಾಕ್ಕೆ ತೀರಾ ಹತ್ತಿರ ಇತ್ತು ಎಂದು ನೀವು ಬರೆದುಕೊಂಡಿರುವ ಬ್ಯಾಡ್ಜು, ಅದೇ ಹೊತ್ತಿನಲ್ಲಿ, ಯಾದಗಿರಿಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಂತಿದೆ. ಈ ಫೋಟೊವನ್ನೂ ಮೊದಲ ಪತ್ರದ ಜೊತೆ ಕಳಿಸಿದ್ದೆ. ಅದರ ಬಗ್ಗೆ ಉತ್ತರದಲ್ಲಿ ಒಂದು ಮಾತಿಲ್ಲ. ನೋಡಿದ್ದೀರೋ ಇಲ್ಲವೋ ತಿಳಿಯದು. ನೋಡಿಯೂ ವಿಲೇವಾರಿ ಮಾಡಿದ್ದರೆ ಅದಕ್ಕೆ ಬೇರೆ ಪತ್ರ ಬೇಕಾಗುತ್ತದೆ. ಅದನ್ನು ಬರೆಯುವ ಶಕ್ತಿ ಸದ್ಯ ನನ್ನಲ್ಲಿಲ್ಲ.

ಈಗ ಬೆರಳಿನ ತುದಿ ಬತ್ತಿ ಕಪ್ಪಾಗಿದೆ. ಚರ್ಮ ಸುಲಿಯುತ್ತದೆ, ಬರುತ್ತದೆ, ಮತ್ತೆ ಸುಲಿಯುತ್ತದೆ. ಹೆಬ್ಬೆರಳಿಗೂ ಹರಡಬಹುದು ಎಂಬ ಭಯ. ನಾನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಆಸಿಡ್ಡು ಚೆಲ್ಲಿಕೊಂಡೆಯಾ ಎಂದು ಕೇಳಿ ಮುಲಾಮು ಬರೆದರು. ವಿಕಿರಣ ಎಂದೆ. ಅವರು ಕನ್ನಡಕ ತೆಗೆದು, ಹಾಗಿದ್ದರೆ ಅಳತೆಯ ಕಾಗದ ಕೊಡಿ, ಎಷ್ಟು ಬಿದ್ದಿದೆ ಎಂದು ತಿಳಿದರೆ ದೊಡ್ಡ ಕೇಂದ್ರಕ್ಕೆ ಕಳಿಸಬಹುದು ಎಂದರು. ಕಾಗದದಲ್ಲಿ ಸೊನ್ನೆ ಇತ್ತು. ಅವರು ಅದನ್ನೊಮ್ಮೆ, ಬೆರಳನ್ನೊಮ್ಮೆ ನೋಡಿದರು. ಸರ್ಕಾರಿ ಕಾಗದವನ್ನು ಅಲ್ಲಗಳೆದು ಬರೆಯಲು ಅವರು ಯಾರು? ಮುಲಾಮನ್ನೇ ಮುಂದುವರಿಸಿ ಎಂದರು. ರಕ್ತದ ಒಂದು ಪರೀಕ್ಷೆ ಇದೆಯಂತೆ. ಮೈಮೇಲೆ ಎಷ್ಟು ಬಿದ್ದಿತ್ತು ಎಂಬುದರ ಗುರುತು ರಕ್ತದಲ್ಲಿ ಕೆಲ ಕಾಲ ಉಳಿದಿರುತ್ತದಂತೆ. ಕಾಲ ಕಳೆದಂತೆ ಆ ಗುರುತು ಅಳಿಯುತ್ತ ಹೋಗುತ್ತದೆ. ಅಂಥ ಪರೀಕ್ಷೆಗೆ ಕಳಿಸಬಲ್ಲವರು ನೀವು. ನಿಮ್ಮ ಲೆಕ್ಕದಲ್ಲಿ ಪರೀಕ್ಷಿಸಲು ಏನೂ ಇಲ್ಲ.

ಇನ್ನೊಂದು ಮೆಟ್ಟಿಲು ಕೆಳಗಿನ ಸಂಗತಿ, ನಿಮ್ಮ ಎತ್ತರಕ್ಕೆ ಕಾಣಲಾರದು. ವಿಷಯ ಹೇಗೋ ಆಂಜಿನಪ್ಪನವರ ಕಿವಿಗೆ ಬಿತ್ತು. ಅವರ ಹೆಂಡತಿ ಕೃಷ್ಣಮ್ಮ, ಭಾಗ್ಯಶ್ರೀಗೆ ಹುಳಿ ಕೊಟ್ಟು ಕಳಿಸಿದ ಬಟ್ಟಲನ್ನು ವಾಪಸು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಒಂದು ಬೆಳಿಗ್ಗೆ ಆಂಜಿನಪ್ಪ ನನ್ನ ಬಾಗಿಲಿಗೆ ಬಂದರು.

"ಸಾ, ಆ ಉಡುಗನ್ ಕೈಲಿರದು ರೂಮಿಗೂ ಅತ್ಕತದಂತೆ? ನೀರಿನ್ ಟ್ಯಾಂಕು ಬೇರೆ ಅಲ್ಲೇ ಐತೆ."

ಹಾಗೆಲ್ಲ ಅಂಟುವುದಿಲ್ಲ, ಎಕ್ಸ್‌ರೇ ತೆಗೆಸಿಕೊಂಡವರಿಂದ ಪಕ್ಕದವರಿಗೆ ಎಕ್ಸ್‌ರೇ ಬರುತ್ತದೆಯೇ ಎಂದು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ನೀವೇಳೋದು ಸರಿ ಸಾ. ಅಂಗಂತ ಸರ್ಕಾರದೋರು ಬರ್ಕೊಡ್ಲಿ, ಇರ್ಲಿ ಬಿಡು ಅಂತೀನಿ."

"ಸರ್ಕಾರದವರು ಏನೂ ಆಗಿಯೇ ಇಲ್ಲ ಅಂತ ಬರೆದಿದ್ದಾರೆ."

ಆಂಜಿನಪ್ಪ ತಾರಸಿಯ ಕಡೆ ನೋಡಿದರು. "ಏನೂ ಆಗಿಲ್ಲ ಅಂದ್ಮೇಲೆ ಕೈ ಯಾಕಂಗಾಗೈತೆ?"

ಇಡೀ ಪ್ರಕರಣದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. ಕೇಳಿದವರು ಬಾಡಿಗೆದಾರನನ್ನು ಬಿಡಿಸಲು ಬಂದವರು. ತಿಂಗಳ ಕೊನೆಯವರೆಗೆ ಬಸಲಿಂಗನಿಗೆ ಕೋಣೆ ಇದೆ. ಆಮೇಲೆ ಮಾಕಳಿ ಕಡೆ ಹುಡುಕಬೇಕು ಎನ್ನುತ್ತಿದ್ದಾನೆ. ಅಲ್ಲಿಯೂ ಕೈ ಜೊತೆಗೇ ಹೋಗುತ್ತದೆ.

ಒಬ್ಬನ ಬೆರಳಿಗೂ ದೇಶದ ಅಣು ಯೋಜನೆಗೂ ಏನು ಸಂಬಂಧ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಬಹುದು. ನಾನು ಪೈಪಿನ ಮನುಷ್ಯ, ಪೈಪಿನಿಂದಲೇ ಹೇಳುತ್ತೇನೆ. ಆ ಸಂಜೆ ಪರೀಕ್ಷೆಯಾದ ಬೆಸುಗೆ ಚೆನ್ನಾಗಿತ್ತು. ಕಪ್ಪಾದ ಫಿಲ್ಮನ್ನು ಎಸೆದು ಇನ್ನೊಂದು ತೆಗೆದರು. ಅದು ನನ್ನ ಮೇಜಿಗೆ ಬಂತು, ದೀಪದ ಮುಂದೆ ಹಿಡಿದು ನೋಡಿ ಒಪ್ಪಿದೆ. ಸ್ಥಾವರ ಇರುವವರೆಗೆ ಆ ಫಿಲ್ಮನ್ನು ಕಾಪಾಡುತ್ತಾರೆ. ಬೆಸುಗೆಯ ಆರೋಗ್ಯಕ್ಕೆ ದಾಖಲೆ ಉಂಟು. ಅದನ್ನು ಪರೀಕ್ಷಿಸಿದ ಕೈಗೆ ಇಲ್ಲ. ಇದು ಅನ್ಯಾಯ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಆದರೆ ಈಚೆಗೆ ಫಿಲ್ಮು ಹಿಡಿದು ನೋಡುವಾಗ ಬೇರೊಂದು ಯೋಚನೆ ಬರುತ್ತದೆ. ಬ್ಯಾಡ್ಜು ತಟ್ಟೆಯಲ್ಲಿತ್ತು ಎಂಬ ಸುಳ್ಳಿಗೆ ಪಕ್ಕದಲ್ಲೇ ಕುಳಿತು ಒಪ್ಪಿದ ದೇವರಾಜ್ ಅವರೂ ಫಿಲ್ಮು ಈ ಬೆಸುಗೆಯದೇ ಎಂದು ಸಹಿ ಮಾಡುವವರೂ ಒಬ್ಬರೇ. ಲಾರಿ ಕಾಯುತ್ತಿದ್ದಾಗ ಅವರು ಒಂದರಲ್ಲಿ ಬಾಗಿದರು. ಇನ್ನೊಂದರಲ್ಲಿ ಬಾಗಲಾರರು ಎಂದು ನಾನು ಯಾವ ಆಧಾರದ ಮೇಲೆ ನಂಬಲಿ? ನೀವು ಯಾವ ಆಧಾರದ ಮೇಲೆ ನಂಬಿದ್ದೀರಿ? ಪೈಪಿನೊಳಗಿನ ಬಿರುಕನ್ನು ಕಾಣಲು ಚಿತ್ರ ತೆಗೆಯಬಹುದು. ಹೆದರಿಕೊಂಡವನು ಕೊಟ್ಟ ಹೇಳಿಕೆಗೆ ಹಾಗೆ ತೆಗೆಯಲು ಬರುವುದಿಲ್ಲ. ಅವನನ್ನು ಹೆದರಿಸುವವರಿಲ್ಲದ ಕಡೆ ಕೂರಿಸಿ ಕೇಳಬೇಕು, ಅಷ್ಟೆ.

ಈಗ ಅಣು ವಿದ್ಯುತ್ತಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆದಿದ್ದಾರೆ. ಸಾವಿರ ಮೆಗಾವಾಟುಗಳ ಮಾತು ಹೋಗಿ ಲಕ್ಷದ ಮಾತು ಬಂದಿದೆ. ಪೀಣ್ಯದಲ್ಲಿ ಅದು ಮೊದಲು ಕಾಣಿಸುವುದು ಆರ್ಡರುಗಳಲ್ಲಿ. ನಮ್ಮ ಅಂಗಳದಲ್ಲಿ ಪೈಪು ಇಡಲು ಜಾಗವಿಲ್ಲ, ದೇವರಾಜ್ ಇನ್ನೊಂದು ಕ್ಯಾಮೆರಾ ತರಿಸುವವರಿದ್ದಾರೆ, ಮೊಳೆಗಳ ಸಾಲು ಉದ್ದವಾಗಲಿದೆ. ಇದಕ್ಕೆ ತಕ್ಕಂತೆ ನಿಮ್ಮ ಕಡೆಯ ಜನ ಹೆಚ್ಚಿದ್ದಾರೆಯೇ? ಕಾರಿಡಾರಿನ ಆಚೆ ಯೋಜನೆಗೆ ವೇಗ ಕೊಡುವವರು, ಈಚೆ ಅದಕ್ಕೆ ತಡೆ ಹಾಕಬಲ್ಲ ನೀವು; ನಡುವಿನ ಗೋಡೆ ಎಷ್ಟು ದಪ್ಪ? ನನಗೆ ಗೊತ್ತಿಲ್ಲ, ನಿಜಕ್ಕೂ ಗೊತ್ತಿಲ್ಲ. ತಿಳಿಯುವ ಹಕ್ಕಿದೆ ಎಂದುಕೊಂಡಿದ್ದೇನೆ. ನಿಮ್ಮ ತಪಾಸಣೆಗಳು ನನಗೆ ಗೊತ್ತು. ಬರುತ್ತೇವೆ ಎಂದು ಮೊದಲೇ ಇ-ಮೇಲ್ ಬರುತ್ತದೆ. ಶೆಡ್ಡಿನಲ್ಲಿ ಹೆಣ್ಣು ನೋಡಲು ಬರುವವರಿಗಾಗಿ ನಡೆಯುವಂಥ ತಯಾರಿ. ನೆಲ ತೊಳೆಯುತ್ತಾರೆ, ಮೀಟರುಗಳಿಗೆ ಹೊಸ ಸೆಲ್ಲು, ಎಚ್ಚರಿಕೆಯ ಹಗ್ಗ ಮತ್ತು ಕೆಂಪು ಬಾವುಟ ಅಟ್ಟದಿಂದ ಇಳಿಯುತ್ತವೆ, ಬ್ಯಾಡ್ಜುಗಳು ಎದೆಗೇರುತ್ತವೆ. ಉಪ್ಪಿಟ್ಟು, ಕೇಸರಿಬಾತು. ಬಂದವರು ಒಪ್ಪಿ ಹೋಗುತ್ತಾರೆ. ಹುಡುಗಿಯ ಮನೆಯಲ್ಲಾದರೂ ಒಬ್ಬಿಬ್ಬರು ನೆರೆಮನೆಯಲ್ಲಿ ವಿಚಾರಿಸುತ್ತಾರೆ. ನೆರೆಮನೆಯವನು ನಾನು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿಲ್ಲ.

ಈ ಪತ್ರ ಬರೆಯುವ ಮೊದಲು ಬಸಲಿಂಗನ ಒಪ್ಪಿಗೆ ಕೇಳಿದೆ. "ಬರೀರಿ ಸರ. ಪೂಜಿ ಮಾಡಿದ್ದ ತಪ್ಪು ಅಂತ ಮಾತ್ರ ಬರೀಬ್ಯಾಡ್ರಿ, ಹುಡುಗ್ರು ಬೇಜಾರ್ ಮಾಡ್ಕೋತಾರ" ಎಂದ. ಭಾಗ್ಯಶ್ರೀ ಒಳಗಿನಿಂದ ಕೂಗಿ ಹೇಳಿದಳು: "ನಾವು ಸುಳ್ಳ ಹೇಳಿದ್ದನ್ನೂ ಬರೀರಿ. ಅದನ್ನ ಬಿಟ್ರ ಉಳಿದದ್ದು ಯಾರು ನಂಬ್ತಾರ?" ಇಬ್ಬರ ಮಾತನ್ನೂ ಉಳಿಸಿಕೊಂಡಿದ್ದೇನೆ.

ನಾನು ಕೇಳುವುದು ದೊಡ್ಡದಲ್ಲ. ಬಸಲಿಂಗನ ಹೆಸರಿನ ಮುಂದೆ ಬರೆದ ಸೊನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ರಕ್ತದಲ್ಲಿ ಗುರುತು ಉಳಿದಿರುವಾಗಲೇ ಅವನನ್ನು ಪರೀಕ್ಷೆಗೆ ಕರೆಸಿ, ಕೈಗೆ ತಕ್ಕ ಚಿಕಿತ್ಸೆ ಕೊಡಿಸಿ. ಅವನಿಂದ ಯಾರಿಗೂ ಏನೂ ಅಂಟುವುದಿಲ್ಲ ಎಂದು ಎರಡು ಸಾಲು ಕನ್ನಡದಲ್ಲಿ ಬರೆದುಕೊಡಿ, ಆಂಜಿನಪ್ಪನವರಿಗೆ ನಾನೇ ಓದಿ ಹೇಳುತ್ತೇನೆ. ಬ್ಯಾಡ್ಜು ಹೆಚ್ಚು ತೋರಿಸಿದವನ ಕೆಲಸ ಹೋಗದಂತೆ ಒಂದು ನಿಯಮ ಮಾಡಿ. ಆಗ ಅದು ಮೊಳೆಯಿಂದ ತಾನಾಗಿ ಇಳಿಯುತ್ತದೆ, ಪೂಜೆಗೆ ಕಾಯಬೇಕಿಲ್ಲ. ಮತ್ತೆ, ಒಮ್ಮೆ ಹೇಳದೆ ಬನ್ನಿ. ನಾಗಸಂದ್ರದವರೆಗೆ ಮೆಟ್ರೊ ಇದೆ.

ಬಂದರೆ ಬೆಳಿಗ್ಗೆ ನಮ್ಮ ಕಾರ್ಖಾನೆಯ ಗೇಟಿನ ಬಳಿ ಸ್ವಲ್ಪ ನಿಲ್ಲಿ. ಒಳಗೆ ಹೋಗುವವರೆಲ್ಲ ಹಾಜರಿಯ ಯಂತ್ರಕ್ಕೆ ಬೆರಳೊತ್ತಬೇಕು. ದೇವರಾಜ್ ಅವರ ಹುಡುಗರ ಬೆರಳಚ್ಚೂ ಅದರಲ್ಲಿದೆ. ಪ್ಯಾಕಿಂಗಿಗೆ ಸೇರಿದ ಮೊದಲ ದಿನ ಬಸಲಿಂಗ ರೂಢಿಯಂತೆ ಬಲಗೈ ತೋರುಬೆರಳನ್ನು ಒತ್ತಿದ. ಕೆಂಪು ದೀಪ. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಕೆಂಪು ದೀಪ. ಹಿಂದೆ ಸಾಲು ಬೆಳೆಯಿತು. "ಬೆರಳೇ ಇಲ್ವಲ್ಲೋ ಇದ್ರಲ್ಲಿ, ಗೆರೆ ಎಲ್ಲ ಎಲ್ಲೋಯ್ತು?" ಎಂದು ಕಾವಲಿನವನು ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ಎಡಗೈಯನ್ನು ದಾಖಲು ಮಾಡಿಕೊಂಡು ಒಳಗೆ ಬಿಟ್ಟ.

ನಿಮ್ಮ ಇಡೀ ತನಿಖೆಯಲ್ಲಿ ಯಾರೂ ಮಾಡದೆ ಉಳಿದದ್ದು ಅದಷ್ಟೇ. ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುವುದು.

ಇಂತಿ,
ಅದೇ ಗೇಟಿನಲ್ಲಿ ದಿನವೂ ಬೆರಳೊತ್ತಿ, ಹಸಿರು ದೀಪ ಕಂಡು, ಸುಮ್ಮನೆ ಒಳಗೆ ಹೋಗುವ
ಪರಮಾನಂದ
ಮೊದಲನೇ ಮಹಡಿ, ನಾಗಸಂದ್ರ